ಮಸೂರದ ಹಣೆಬರಹ ಬರೆದ ಪೆಟ್ಟಿಗೆಗಳು

ಕ್ಯಾಮೆರಾದ ಚರಿತ್ರೆಯಲ್ಲಿ ಅರವತ್ತು ವರ್ಷಗಳ ಒಂದು ಯುಗವಿದೆ. 1925ರ ವಸಂತದಲ್ಲಿ ಜರ್ಮನಿಯ ಲೈಪ್ಜಿಗ್ ಜಾತ್ರೆಯಲ್ಲಿ ಅದು ಕಣ್ಣು ತೆರೆಯಿತು. 1985ರಲ್ಲಿ ಜಪಾನಿನಲ್ಲಿ ಅದರ ಮುಕ್ತಾಯ ಆರಂಭವಾಯಿತು. ಈ ನಡುವಿನ ಕಾಲದಲ್ಲಿ ಜಗತ್ತಿನ ಯುದ್ಧಗಳು, ಸಂಧಾನಗಳು, ಪಟ್ಟಾಭಿಷೇಕಗಳು, ಶವಯಾತ್ರೆಗಳು ಎಲ್ಲವೂ ಛಾಯಾಗ್ರಾಹಕನ ಎಡಗೈಯ ಎರಡು ಬೆರಳಿಗೆ ಕಾಯಬೇಕಾಗಿತ್ತು. ಆ ಬೆರಳುಗಳು ಒಂದು ಲೋಹದ ಬಳೆಯನ್ನು ತಿರುಗಿಸಿ ಬಿಂಬ ಸ್ಪಷ್ಟವಾಗುವವರೆಗೆ ಯಾವ ಘಟನೆಯೂ ಚಿತ್ರವಾಗುತ್ತಿರಲಿಲ್ಲ.

ಆ ಯುಗದ ಲೆನ್ಸ್‌ಗಳನ್ನು ತೂಗಿ ನೋಡುವವರು ಸಾಮಾನ್ಯವಾಗಿ ಗಾಜಿನಿಂದಲೇ ಮಾತು ತೆಗೆಯುತ್ತಾರೆ. ಲೈಟ್ಸ್‌ನ ಗಾಜು ಮೃದುವೋ ಝೈಸ್‌ನ ಗಾಜು ಚುರುಕೋ, ನಿಕಾನಿನ ಕಪ್ಪು ಗಟ್ಟಿಯೋ ಪೆಂಟ್ಯಾಕ್ಸ್‌ನ ಬಣ್ಣ ಹಿತವೋ ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಕಾಲಾನುಕ್ರಮದಲ್ಲಿ ಈ ಕಥೆಯನ್ನು ಓದಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಗಾಜಿನ ಹಣೆಬರಹವನ್ನು ಬರೆದದ್ದು ಅದರ ಹಿಂದಿದ್ದ ಪೆಟ್ಟಿಗೆ. ಬಿಂಬ ಸ್ಪಷ್ಟವಾಗಿದೆಯೆಂದು ಛಾಯಾಗ್ರಾಹಕ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಪೆಟ್ಟಿಗೆ ಕೊಟ್ಟ ಉತ್ತರ ಬದಲಾದಾಗಲೆಲ್ಲ ಮಸೂರಗಳ ಮನೆತನಗಳು ಏರಿದವು, ಬಿದ್ದವು.

ವೆಟ್ಜ್ಲಾರ್‌ನ ಪುಟ್ಟ ಯಂತ್ರ

ಲಾನ್ ನದಿಯ ದಂಡೆಯ ವೆಟ್ಜ್ಲಾರ್ ಸೂಕ್ಷ್ಮದರ್ಶಕಗಳ ಊರು. ಅಲ್ಲಿನ ಅರ್ನ್ಸ್ಟ್ ಲೈಟ್ಸ್ ಕಾರ್ಖಾನೆಗೆ 1911ರಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಸೇರಿದರು. ಅದಕ್ಕೆ ಮೊದಲು ಅವರು ಯೆನಾ ಪಟ್ಟಣದ ಝೈಸ್ ಸಂಸ್ಥೆಯಲ್ಲಿದ್ದವರು. ಉಬ್ಬಸದ ದೇಹ, ಬೆಟ್ಟ ಕಾಡು ಸುತ್ತುವ ಹವ್ಯಾಸ. ಗಾಜಿನ ಪ್ಲೇಟುಗಳ ಭಾರವಾದ ಕ್ಯಾಮೆರಾ ಹೊರುವುದು ಅವರಿಂದಾಗದ ಮಾತು. ಸಿನಿಮಾಕ್ಕೆಂದು ತಯಾರಾಗುತ್ತಿದ್ದ 35 ಮಿ.ಮೀ. ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿ ಒಂದು ಚಿತ್ರ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ಸಿನಿಮಾ ಚೌಕಟ್ಟು 18×24 ಮಿ.ಮೀ.; ಅದರ ಇಮ್ಮಡಿ 24×36. ಮುಂದೆ ಜಗತ್ತೆಲ್ಲ ಒಪ್ಪಿಕೊಂಡ ಅಳತೆ ಹುಟ್ಟಿದ್ದು ಇಷ್ಟು ಸರಳವಾದ ಗುಣಾಕಾರದಿಂದ. 1914ರ ಹೊತ್ತಿಗೆ ಮೊದಲ ಮಾದರಿ ಕೈಯಲ್ಲಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂದು ಎಲ್ಲವನ್ನೂ ಹತ್ತು ವರ್ಷ ಹಿಂದೆ ಸರಿಸಿತು.

ಯುದ್ಧ ಸೋತ ಜರ್ಮನಿಯಲ್ಲಿ, ಹಣದ ಬೆಲೆ ಕುಸಿದು ಮಾರುಕಟ್ಟೆ ಮುದುಡಿದ್ದ ದಿನಗಳಲ್ಲಿ, ಈ ವಿಚಿತ್ರ ಯಂತ್ರವನ್ನು ತಯಾರಿಸುವುದೋ ಬಿಡುವುದೋ ಎಂಬ ಚರ್ಚೆ ಕಾರ್ಖಾನೆಯಲ್ಲಿ ನಡೆಯಿತು. 1924ರಲ್ಲಿ ಒಡೆಯ ಎರಡನೆಯ ಅರ್ನ್ಸ್ಟ್ ಲೈಟ್ಸ್ ತಯಾರಿಸುವುದೆಂದೇ ತೀರ್ಮಾನಿಸಿದರು. ಮರುವರ್ಷ ಲೈಪ್ಜಿಗ್‌ನಲ್ಲಿ ಲೈಕಾ ಎಂಬ ಹೆಸರಿನೊಂದಿಗೆ ಅದು ಪ್ರಕಟವಾಯಿತು. ಅದಕ್ಕೆ ಮಸೂರ ಕೊಟ್ಟವರು ಮ್ಯಾಕ್ಸ್ ಬೆರೆಕ್. ಸ್ವಲ್ಪದರಲ್ಲೇ ಬಂದ ಅವರ ಎಲ್ಮಾರ್ 50 ಮಿ.ಮೀ. ಲೆನ್ಸಿನಲ್ಲಿ ನಾಲ್ಕೇ ಗಾಜು, ದೊಡ್ಡ ಅಪರ್ಚರ್ ಎಫ್ 3.5. ಕೊಳವೆಯನ್ನು ಒಳಗೆ ತಳ್ಳಿದರೆ ಕ್ಯಾಮೆರಾ ಕೋಟಿನ ಜೇಬಿಗೆ ಇಳಿಯುತ್ತಿತ್ತು.

ಮೊದಲ ಲೈಕಾ ಹಿಡಿದವರು ದೂರವನ್ನು ಅಂದಾಜಿನಿಂದಲೋ, ಪ್ರತ್ಯೇಕ ಅಳತೆಗೋಲಿನಿಂದಲೋ ತಿಳಿಯಬೇಕಿತ್ತು. 1932ರ ಲೈಕಾ II ಆ ಕೊರತೆ ನೀಗಿತು. ಕ್ಯಾಮೆರಾದ ನೆತ್ತಿಯ ಮೇಲೆ ಎರಡು ಕಿಂಡಿಗಳು. ಅವೆರಡರ ಮೂಲಕ ಬರುವ ಎರಡು ಬಿಂಬಗಳು ಲೆನ್ಸನ್ನು ತಿರುಗಿಸಿದಂತೆ ಸಮೀಪಿಸುತ್ತವೆ. ಒಂದರ ಮೇಲೊಂದು ಕೂತಾಗ ಫೋಕಸ್ ಸಿದ್ಧ. ಇದು ರೇಂಜ್‌ಫೈಂಡರ್ ವಿಧಾನ. ಇದರಲ್ಲಿ ಛಾಯಾಗ್ರಾಹಕ ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಪಕ್ಕದ ಕಿಂಡಿಯಿಂದ ನೋಡಿ, ದೂರವನ್ನು ಅಳೆದು, ಲೆನ್ಸು ತನ್ನ ಕೆಲಸ ಮಾಡಿದೆಯೆಂದು ನಂಬುತ್ತಾನೆ. ಆ ನಂಬಿಕೆಯ ಮೇಲೆ ಮುಂದಿನ ಕಾಲು ಶತಮಾನದ ಛಾಯಾಗ್ರಹಣ ನಿಂತಿತು.

ಡ್ರೆಸ್ಡೆನ್‌ನ ಸವಾಲು

ಲೈಕಾದ ಕೀರ್ತಿ ಹಬ್ಬುತ್ತಿದ್ದಂತೆ ದೊಡ್ಡ ಮನೆ ಎಚ್ಚೆತ್ತುಕೊಂಡಿತು. 1926ರಲ್ಲಿ ಇಕಾ, ಎರ್ನೆಮಾನ್, ಗೋರ್ಜ್, ಕಾಂಟೆಸ್ಸಾ-ನೆಟ್ಟೆಲ್ ಎಂಬ ಹಳೆಯ ಕಂಪನಿಗಳು ಝೈಸ್ ಆಶ್ರಯದಲ್ಲಿ ಒಂದಾಗಿ ಡ್ರೆಸ್ಡೆನ್ ನಗರದಲ್ಲಿ ಝೈಸ್ ಇಕಾನ್ ಆಗಿದ್ದವು. 1932ರಲ್ಲಿ ಅದು ಹೊರತಂದ ಕಾಂಟ್ಯಾಕ್ಸ್ ಪ್ರತಿಯೊಂದು ಅಂಶದಲ್ಲೂ ಲೈಕಾಕ್ಕೆ ಎದುರುತ್ತರ. ಲೈಕಾದ ಶಟರ್ ಬಟ್ಟೆಯದು, ಅಡ್ಡಡ್ಡ ಓಡುವುದು. ಕಾಂಟ್ಯಾಕ್ಸ್‌ನ ಶಟರ್ ಲೋಹದ ಪಟ್ಟಿಗಳದು, ಮೇಲಿಂದ ಕೆಳಗೆ ಇಳಿಯುವುದು. ಲೈಕಾದ ಲೆನ್ಸನ್ನು ತಿರುಪಿನಂತೆ ಸುತ್ತಿ ಕೂರಿಸಬೇಕು. ಕಾಂಟ್ಯಾಕ್ಸ್‌ನದು ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಲೈಕಾಕ್ಕೆ ಫಿಲ್ಮಿನ ತುದಿಯನ್ನು ಕತ್ತರಿಸಿ ತಳದಿಂದ ತೂರಿಸಬೇಕು. ಕಾಂಟ್ಯಾಕ್ಸ್‌ನ ಬೆನ್ನು ಪೂರ್ತಿ ಕಳಚಿ ಬರುತ್ತದೆ.

1936ರ ಕಾಂಟ್ಯಾಕ್ಸ್ II ಇನ್ನೂ ಮುಂದೆ ಹೋಯಿತು. ಅದರ ರೇಂಜ್‌ಫೈಂಡರ್ ಕಿಂಡಿಗಳ ನಡುವಿನ ಅಂತರ 90 ಮಿ.ಮೀ., ಲೈಕಾದ ಅಂತರದ ಎರಡು ಪಟ್ಟಿಗಿಂತ ಹೆಚ್ಚು. ಅಂತರ ಹೆಚ್ಚಿದಷ್ಟೂ ದೂರದ ಅಳತೆ ನಿಖರ. ಲೈಕಾದಲ್ಲಿ ಫೋಕಸ್ ಮಾಡಲು ಒಂದು ಕಿಂಡಿ, ಚೌಕಟ್ಟು ಕೂಡಿಸಲು ಇನ್ನೊಂದು. ಕಾಂಟ್ಯಾಕ್ಸ್ II ಎರಡನ್ನೂ ಒಂದೇ ಕಿಂಡಿಗೆ ತಂದಿತು. ಶಟರ್ ವೇಗ ಸೆಕೆಂಡಿನ 1/1250ರವರೆಗೆ. ಕಾಗದದ ಮೇಲೆ ಗೆಲುವು ಅದರದೇ. ಆದರೆ ಅದರ ಲೋಹದ ಪಟ್ಟಿಗಳನ್ನು ಎಳೆಯುತ್ತಿದ್ದ ರೇಷ್ಮೆ ಪಟ್ಟಿ ಸವೆದು ಹರಿಯುತ್ತಿತ್ತು. ಕಿಂಡಿ ತೀರ ತುದಿಯಲ್ಲಿದ್ದುದರಿಂದ ಬಲಗೈಯ ಬೆರಳು ಅದನ್ನು ಮುಚ್ಚಿಬಿಡುತ್ತಿತ್ತು. ಬೆರಳು ಮಡಚಿ ಹಿಡಿಯುವ ಒಂದು ವಿಚಿತ್ರ ಹಿಡಿತವನ್ನು ಕಾಂಟ್ಯಾಕ್ಸ್ ಬಳಸುವವರೆಲ್ಲ ರೂಢಿಸಿಕೊಳ್ಳಬೇಕಾಯಿತು. ಲೈಕಾ ಸರಳ, ದುರಸ್ತಿಗೆ ಸುಲಭ, ಸದ್ದಿಲ್ಲದ್ದು. ಇಬ್ಬರೂ ತಮ್ಮ ತಮ್ಮ ಭಕ್ತರನ್ನು ಉಳಿಸಿಕೊಂಡರು.

ಗಾಜಿನ ವಿಷಯದಲ್ಲಿ ಮಾತ್ರ ಆ ದಶಕದ ಚಕ್ರವರ್ತಿ ಯಾರೆಂಬ ಬಗ್ಗೆ ಸಂದೇಹವಿರಲಿಲ್ಲ. ಲುಡ್ವಿಗ್ ಬೆರ್ಟೆಲೆ ಇಪ್ಪತ್ತರ ಹರೆಯದಲ್ಲೇ ಎರ್ನೆಮಾನ್ ಕಂಪನಿಗೆ ಎರ್ನೋಸ್ಟಾರ್ ಎಂಬ ಮಸೂರ ರೂಪಿಸಿದ್ದರು. ಆ ಮಸೂರ ಹೊತ್ತ ಎರ್ಮನಾಕ್ಸ್ ಕ್ಯಾಮೆರಾ ಹಿಡಿದೇ ಎರಿಕ್ ಸಾಲೊಮನ್ ರಾಜಕಾರಣಿಗಳ ಸಭೆಗಳನ್ನು ದೀಪದ ಬೆಳಕಿನಲ್ಲಿ ಚಿತ್ರಿಸಿದ್ದು. ಬೆರ್ಟೆಲೆ ಅದೇ ವಿನ್ಯಾಸವನ್ನು ಬೆಳೆಸಿ ಕಾಂಟ್ಯಾಕ್ಸ್‌ಗೆ ಸೊನ್ನಾರ್ ಕೊಟ್ಟರು. ಮೊದಲು ಎಫ್ 2, ಅದರ ಹಿಂದೆಯೇ ಎಫ್ 1.5.

ಸೊನ್ನಾರ್‌ನ ಹಿರಿಮೆ ಅರ್ಥವಾಗಬೇಕಾದರೆ ಒಂದು ಲೆಕ್ಕ ಬೇಕು. ಲೇಪನವಿಲ್ಲದ ಗಾಜು ಗಾಳಿಯನ್ನು ಮುಟ್ಟುವ ಪ್ರತಿ ಮೇಲ್ಮೈಯಲ್ಲೂ ನಾಲ್ಕೈದು ಶೇಕಡಾ ಬೆಳಕು ಪುಟಿದು ಹಿಂದಕ್ಕೆ ಹೋಗುತ್ತದೆ. ಬೆರ್ಟೆಲೆ ಎಫ್ 1.5ರ ಏಳು ಗಾಜುಗಳನ್ನು ಮೂರೇ ಗುಂಪುಗಳಾಗಿ ಅಂಟಿಸಿದರು. ಹಾಗಾಗಿ ಗಾಳಿ ಸೋಕುವ ಮೇಲ್ಮೈಗಳು ಆರು ಮಾತ್ರ. ಲೈಟ್ಸ್ ಅದಕ್ಕೆದುರಾಗಿ 1936ರಲ್ಲಿ ತಂದ ಝೆನಾನ್ ಎಫ್ 1.5ರಲ್ಲಿ ಗಾಜು ಏಳೇ ಆದರೂ ಗುಂಪು ಐದು, ಮೇಲ್ಮೈ ಹತ್ತು. ಪ್ರತಿ ಮೇಲ್ಮೈಗೆ ಐದು ಶೇಕಡಾ ಎಂದು ಹಿಡಿದರೆ ಸೊನ್ನಾರ್ ಕಳೆದುಕೊಳ್ಳುವುದು ಸುಮಾರು 26 ಶೇಕಡಾ, ಝೆನಾನ್ ಕಳೆದುಕೊಳ್ಳುವುದು 40. ಬೆಳಕಿನ ನಷ್ಟಕ್ಕಿಂತ ಅದರ ಅಲೆದಾಟದ ಕಾಟ ದೊಡ್ಡದು. ಪುಟಿದ ಬೆಳಕು ಗಾಜುಗಳ ನಡುವೆ ಸುತ್ತಾಡಿ ಕೊನೆಗೆ ಫಿಲ್ಮಿನ ಮೇಲೆ ಮಂಜಾಗಿ ಇಳಿಯುತ್ತದೆ, ಕಪ್ಪು ಬೂದಿಯಾಗುತ್ತದೆ. ಸೊನ್ನಾರ್‌ನ ಚಿತ್ರಗಳಲ್ಲಿ ಕಪ್ಪು ಕಪ್ಪಾಗಿಯೇ ಉಳಿಯಿತು. ಲೈಟ್ಸ್‌ನ ಸಮ್ಮಾರ್ ಮತ್ತು ಝೆನಾನ್‌ಗಳಿಗೆ ಅಂಟಿದ ಮೃದು ಎಂಬ ಹೆಸರಿಗೆ ಈ ಲೆಕ್ಕವೇ ಬಹುಪಾಲು ಕಾರಣ.

ಆದರೆ ಸೊನ್ನಾರ್‌ನ ಗೆಲುವಿನಲ್ಲೇ ಅದರ ಸೋಲಿನ ಬೀಜವೂ ಇತ್ತು. 1935ರಲ್ಲಿ ಯೆನಾದ ಝೈಸ್ ಪ್ರಯೋಗಾಲಯದ ಅಲೆಕ್ಸಾಂಡರ್ ಸ್ಮಕುಲಾ ಗಾಜಿನ ಮೇಲೆ ತೆಳು ಪದರ ಹಚ್ಚಿ ಪ್ರತಿಫಲನ ತಗ್ಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಲೇಪನ ಸಾಮಾನ್ಯವಾದ ದಿನ ಮೇಲ್ಮೈ ಎಷ್ಟಾದರೂ ಚಿಂತೆಯಿಲ್ಲ. ಆಗ ಗುಂಪುಗಳನ್ನು ಬಿಡಿಯಾಗಿ ಇಟ್ಟು ಅಂಚಿನ ದೋಷಗಳನ್ನು ತಿದ್ದಬಲ್ಲ ಇನ್ನೊಂದು ಮನೆತನ ಮೇಲೇಳುತ್ತದೆ. ಅದು ಪಾಲ್ ರುಡಾಲ್ಫ್ 1896ರಲ್ಲೇ ಝೈಸ್‌ನಲ್ಲಿ ರೂಪಿಸಿ, ಮೇಲ್ಮೈಗಳು ಹೆಚ್ಚೆಂಬ ಕಾರಣಕ್ಕೆ ಮೂಲೆಗೆ ಸೇರಿದ್ದ ಪ್ಲಾನಾರ್‌ನ ಮನೆತನ.

ಕದನ ಮತ್ತು ಕೊಳ್ಳೆ

1936ರಲ್ಲೇ ಡ್ರೆಸ್ಡೆನ್‌ನ ಇನ್ನೊಂದು ಕಾರ್ಖಾನೆ ಇಹಾಗೆ, ಕೀನೆ ಎಕ್ಸಾಕ್ಟಾ ಎಂಬ ಕ್ಯಾಮೆರಾ ಹೊರತಂದಿತು. ಅದರೊಳಗೆ ಒಂದು ಓರೆ ಕನ್ನಡಿ. ಲೆನ್ಸಿನಿಂದ ಬಂದ ಬೆಳಕನ್ನೇ ಕನ್ನಡಿ ಮೇಲಕ್ಕೆ ತಿರುಗಿಸಿ ಉಜ್ಜಿದ ಗಾಜಿನ ಮೇಲೆ ತೋರಿಸುತ್ತಿತ್ತು. ಅಂದಾಜು ಬೇಡ, ಅಳತೆ ಬೇಡ, ಫಿಲ್ಮಿಗೆ ಬೀಳುವ ಬಿಂಬವೇ ಕಣ್ಣೆದುರು. ಆದರೆ ಸೊಂಟದ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡಬೇಕು, ಎಡ ಬಲ ಅದಲುಬದಲಾಗಿ ಕಾಣುತ್ತದೆ, ಶಟರ್ ಒತ್ತಿದ ಮೇಲೆ ಫಿಲ್ಮ್ ಸುತ್ತುವವರೆಗೆ ಎಲ್ಲವೂ ಕತ್ತಲು. ಆಗ ಯಾರೂ ಅದನ್ನು ಸಿಂಹಾಸನದ ವಾರಸುದಾರನೆಂದು ತಿಳಿಯಲಿಲ್ಲ. ಆದರೂ ಒಂದು ಸೂಚನೆ ಅಲ್ಲೇ ಇತ್ತು. ಎಕ್ಸಾಕ್ಟಾಕ್ಕೆ ಝೈಸ್ ಕೊಟ್ಟ, ವಿಲ್ಲಿ ಮೆರ್ಟೆ ವಿನ್ಯಾಸದ ಬಯೋಟಾರ್ ಎಫ್ 2 ಲೆನ್ಸ್ 50 ಮಿ.ಮೀ. ಇರಲಿಲ್ಲ, 58 ಇತ್ತು. ಕನ್ನಡಿ ಮೇಲಕ್ಕೇಳಲು ಜಾಗ ಬೇಕು. ಗಾಜು ಫಿಲ್ಮಿನಿಂದ ದೂರ ಸರಿಯಬೇಕು. ಆ ಎಂಟು ಮಿ.ಮೀ. ಕನ್ನಡಿಗೆ ಸಲ್ಲಿಸಿದ ಕಪ್ಪ.

ಎರಡನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷದವರ ಕೈಯಲ್ಲಿ ಜರ್ಮನ್ ಕ್ಯಾಮೆರಾಗಳೇ ಇದ್ದವು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ದಡದಲ್ಲಿ ಅಮೆರಿಕದ ಸೈನಿಕರೊಂದಿಗೆ ಇಳಿದ ಛಾಯಾಗ್ರಾಹಕ ರಾಬರ್ಟ್ ಕಾಪಾ ಕೈಯಲ್ಲಿದ್ದದ್ದು ಕಾಂಟ್ಯಾಕ್ಸ್ II. ಎಂಟು ತಿಂಗಳ ಬಳಿಕ, 1945ರ ಫೆಬ್ರವರಿಯಲ್ಲಿ, ಬಾಂಬಿನ ಮಳೆಗೆ ಡ್ರೆಸ್ಡೆನ್ ನಗರ ಸುಟ್ಟುಹೋಯಿತು. ಗೆದ್ದವರು ಕೊಳ್ಳೆ ಹಂಚಿಕೊಂಡರು. ಯೆನಾವನ್ನು ಮೊದಲು ತಲುಪಿದ ಅಮೆರಿಕನ್ನರು ಝೈಸ್‌ನ ಹಲವಾರು ಪರಿಣತರನ್ನು ಪಶ್ಚಿಮಕ್ಕೆ ಕರೆದೊಯ್ದರು. ಹಿಂದೆ ಬಂದ ಸೋವಿಯತ್ತರು ಯಂತ್ರಗಳನ್ನು ಒಯ್ದರು. ಕಾಂಟ್ಯಾಕ್ಸ್ ತಯಾರಿಯ ಸಲಕರಣೆಗಳು ಉಕ್ರೇನಿನ ಕೀವ್ ನಗರದ ಆರ್ಸೆನಲ್ ಕಾರ್ಖಾನೆ ಸೇರಿದವು. ಅಲ್ಲಿ ಕಾಂಟ್ಯಾಕ್ಸ್ II ಕೀವ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆದು 1980ರ ದಶಕದವರೆಗೂ ತಯಾರಾಗುತ್ತಿತ್ತು. ಸೊನ್ನಾರ್ ಜುಪಿಟರ್ ಆಯಿತು, ಬಯೋಟಾರ್ ಹೀಲಿಯೋಸ್ ಆಯಿತು. ಒಂದು ರಾಜವಂಶ ಒಡೆದು ಮೂರು ಕಡೆ ಆಳಿದಂತೆ, ಝೈಸ್‌ನ ವಿದ್ಯೆ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿ, ಸೋವಿಯತ್ ನಾಡುಗಳಲ್ಲಿ ಬೇರೆ ಬೇರೆ ಬಾಳು ಬಾಳಿತು.

ಲೈಕಾ ಯುದ್ಧದಿಂದ ಹೆಚ್ಚು ನಲುಗದೆ ಹೊರಬಂದಿತು. ಅದರ ಅತ್ಯಂತ ಪ್ರಸಿದ್ಧ ಬಳಕೆದಾರ ಆನ್ರಿ ಕಾರ್ಟಿಯೇ-ಬ್ರೆಸೋ ಬಹುಪಾಲು 50 ಮಿ.ಮೀ. ಲೆನ್ಸೊಂದನ್ನೇ ನಂಬಿದವರು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಅವರು ಗಾಂಧೀಜಿಯನ್ನು ಭೇಟಿಯಾಗಿ ಹೊರಟ ಸ್ವಲ್ಪ ಹೊತ್ತಿನಲ್ಲೇ ಗುಂಡಿನ ಸುದ್ದಿ ಬಂತು. ಆ ಸಂಜೆ ಗೇಟಿನ ಬಳಿ ನಿಂತು ಬಾಪೂ ಇನ್ನಿಲ್ಲವೆಂದು ತಿಳಿಸುತ್ತಿದ್ದ ನೆಹರೂ ಚಿತ್ರ ಆ ಮಬ್ಬು ಬೆಳಕಿನಲ್ಲೇ ಮೂಡಿತು. ಫ್ಲಾಶ್ ಇಲ್ಲದೆ, ಸದ್ದಿಲ್ಲದೆ, ಯಾರ ಗಮನವನ್ನೂ ಸೆಳೆಯದೆ ಚಿತ್ರ ತೆಗೆಯುವ ಆ ಪದ್ಧತಿಗೆ ಪುಟ್ಟ ರೇಂಜ್‌ಫೈಂಡರ್ ಹೇಳಿ ಮಾಡಿಸಿದ ಯಂತ್ರವಾಗಿತ್ತು.

ಪೂರ್ವದ ಉದಯ

ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆ 1917ರಲ್ಲಿ ಹುಟ್ಟಿ ಬಹುಕಾಲ ನೌಕಾಪಡೆಯ ದುರ್ಬೀನುಗಳಿಗೆ ಗಾಜು ಅರೆಯುತ್ತಿತ್ತು. ಅದರ ಮುಂದಿನ ಪ್ರತಿಸ್ಪರ್ಧಿಯ ಕಥೆ ಇನ್ನೂ ಸ್ವಾರಸ್ಯಕರ. 1934ರಲ್ಲಿ ಟೋಕಿಯೊದಲ್ಲಿ ಲೈಕಾ ಮಾದರಿಯ ಕ್ಯಾಮೆರಾ ಮಾಡಲು ಹೊರಟವರು ಅದಕ್ಕೆ ಕರುಣೆಯ ಬೋಧಿಸತ್ವನ ಹೆಸರಿನಿಂದ ಕ್ವಾನನ್ ಎಂದೂ, ಲೆನ್ಸಿಗೆ ಬುದ್ಧನ ಶಿಷ್ಯ ಮಹಾಕಾಶ್ಯಪನ ನೆನಪಿನಲ್ಲಿ ಕಶ್ಯಪ ಎಂದೂ ಹೆಸರಿಟ್ಟರು. ಆ ಮನೆಯೇ ಕ್ಯಾನನ್. 1936ರಲ್ಲಿ ಮಾರಾಟಕ್ಕೆ ಬಂದ ಅದರ ಮೊದಲ ಕ್ಯಾಮೆರಾ ಹಾನ್ಸಾ ಕ್ಯಾನನ್‌ಗೆ ಕೂರಿಸಿದ್ದು ನಿಪ್ಪಾನ್ ಕೊಗಾಕುವಿನ ನಿಕ್ಕೋರ್ ಲೆನ್ಸ್. ಮುಂದೆ ಅರ್ಧ ಶತಮಾನ ಕಾದಾಡಿದ ಎರಡು ಮನೆಗಳು ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಆರಂಭಿಸಿದ್ದವು.

ಯುದ್ಧಾನಂತರ 1948ರಲ್ಲಿ ಬಂದ ನಿಪ್ಪಾನ್ ಕೊಗಾಕುವಿನ ನಿಕಾನ್ I ಜರ್ಮನ್ ಜಗಳವನ್ನು ಜಾಣ್ಮೆಯಿಂದ ಬಗೆಹರಿಸಿತು. ಕಾಂಟ್ಯಾಕ್ಸ್‌ನ ದೇಹ ಮತ್ತು ಲೆನ್ಸ್ ಕೂರುವ ಬಾಯಿ, ಲೈಕಾದ ಸರಳ ಬಟ್ಟೆ ಶಟರ್. ಇಬ್ಬರ ಸದ್ಗುಣವನ್ನೂ ಕೂಡಿಸಿ ಇಬ್ಬರ ದೌರ್ಬಲ್ಯವನ್ನೂ ಬಿಟ್ಟಿತು. ಆದರೂ ಹೊರಜಗತ್ತಿಗೆ ಅದರ ಪರಿಚಯವಿರಲಿಲ್ಲ. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿದ್ದಾಗ ಜುನ್ ಮಿಕಿ ಎಂಬ ಜಪಾನಿ ಛಾಯಾಗ್ರಾಹಕರು 85 ಮಿ.ಮೀ. ನಿಕ್ಕೋರ್‌ನಿಂದ ಅವರ ಚಿತ್ರ ತೆಗೆದು ತೋರಿಸಿದರು. ಡಂಕನ್ ಬೆರಗಾದರು. ಆ ಬೇಸಿಗೆಯಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಅವರು ತಮ್ಮ ಲೈಕಾಕ್ಕೆ ನಿಕ್ಕೋರ್ ಲೆನ್ಸ್‌ಗಳನ್ನು ಕೂರಿಸಿಕೊಂಡು ಹೊರಟರು. ಚಿತ್ರಗಳ ಚುರುಕು ನ್ಯೂಯಾರ್ಕಿನಲ್ಲಿ ಚರ್ಚೆಯಾಯಿತು. ವರ್ಷಾಂತ್ಯಕ್ಕೆ ನ್ಯೂಯಾರ್ಕ್ ಟೈಮ್ಸ್ ಜಪಾನಿ ಲೆನ್ಸ್‌ಗಳ ಬಗ್ಗೆ ಬರೆಯಿತು. ಆ 85 ಮಿ.ಮೀ. ನಿಕ್ಕೋರ್ ಬೆರ್ಟೆಲೆಯ ಸೊನ್ನಾರ್ ಕುಲದ್ದೇ. ಡ್ರೆಸ್ಡೆನ್‌ನ ವಿದ್ಯೆ ಟೋಕಿಯೊದಲ್ಲಿ ಕೊಂಬೆಯೊಡೆದಿತ್ತು.

ವೆಟ್ಜ್ಲಾರ್ ಸುಮ್ಮನಿರಲಿಲ್ಲ. 1953ರಲ್ಲಿ ಸಮ್ಮಿಕ್ರಾನ್ 50 ಮಿ.ಮೀ. ಎಫ್ 2 ಬಂತು. ಲೇಪನದ ಬೆಂಬಲ ಸಿಕ್ಕ ಗಾಸ್ ಕುಲದ, ಅಂದರೆ ಪ್ಲಾನಾರ್ ಮನೆತನದ, ವಿನ್ಯಾಸ ಕೊನೆಗೂ ಸೊನ್ನಾರ್‌ನ ಅಂಚಿನ ಮಸುಕನ್ನು ಹಿಂದಿಕ್ಕಿತು. ಮರುವರ್ಷ ಬಂದ ಲೈಕಾ ಎಂ3 ರೇಂಜ್‌ಫೈಂಡರ್ ಕಲೆಯ ಶಿಖರ. ಬಹುತೇಕ ಸಹಜ ಗಾತ್ರದಲ್ಲಿ ಜಗತ್ತನ್ನು ತೋರುವ 0.91 ವರ್ಧನೆಯ ಕಿಂಡಿ. ಲೆನ್ಸ್ ಬದಲಿಸಿದಂತೆ 50, 90, 135 ಮಿ.ಮೀ. ಚೌಕಟ್ಟುಗಳು ತಾವಾಗಿ ಬೆಳಗುತ್ತವೆ. ಹತ್ತಿರ ಬಂದಂತೆ ಚೌಕಟ್ಟು ತಾನೇ ಸರಿದು ಕೋನದ ದೋಷ ತಿದ್ದುತ್ತದೆ. ಎರಡೂ ಕಣ್ಣು ತೆರೆದು ಚಿತ್ರ ತೆಗೆಯಬಹುದು.

ಈ ಶಿಖರವೇ ಇತಿಹಾಸದ ದಿಕ್ಕನ್ನು ಬದಲಿಸಿತು. ಎಂ3ಯನ್ನು ಬಿಚ್ಚಿ ನೋಡಿದ ಜಪಾನಿ ತಂತ್ರಜ್ಞರಿಗೆ ಈ ದಾರಿಯಲ್ಲಿ ಇದನ್ನು ಮೀರುವುದು ಕಷ್ಟವೆಂದು ತಿಳಿಯಿತು. ನಿಪ್ಪಾನ್ ಕೊಗಾಕು 1957ರ ಎಸ್‌ಪಿ ಮೂಲಕ ಒಂದು ಗೌರವಯುತ ಉತ್ತರ ಕೊಟ್ಟಿತಾದರೂ ಅದರ ಗಮನ ಆಗಲೇ ಕನ್ನಡಿಯ ಕಡೆ ತಿರುಗಿತ್ತು.

ಕನ್ನಡಿಯ ಪಟ್ಟಾಭಿಷೇಕ

ಕನ್ನಡಿ ಕ್ಯಾಮೆರಾದ ಕುಂದುಗಳು ಒಂದೊಂದಾಗಿ ನೀಗುತ್ತಿದ್ದವು. 1949ರ ಹೊತ್ತಿಗೆ ಪೂರ್ವ ಜರ್ಮನಿಯ ಕಾಂಟ್ಯಾಕ್ಸ್ ಎಸ್ ಐದು ಮುಖದ ಪಟ್ಟಕವನ್ನು ನೆತ್ತಿಗೇರಿಸಿಕೊಂಡು ಬಂತು. ಕ್ಯಾಮೆರಾ ಸೊಂಟದಿಂದ ಕಣ್ಣಿಗೇರಿತು, ಎಡಬಲ ನೆಟ್ಟಗಾಯಿತು. 1954ರಲ್ಲಿ ಅಸಾಹಿ ಆಪ್ಟಿಕಲ್ ಕಂಪನಿಯ ಅಸಾಹಿಫ್ಲೆಕ್ಸ್ IIಬಿ ಚಿತ್ರ ಮುಗಿದ ಕೂಡಲೇ ಕನ್ನಡಿ ತಾನೇ ಕೆಳಗಿಳಿಯುವ ಏರ್ಪಾಡು ತಂದಿತು, ಕತ್ತಲು ಕ್ಷಣಮಾತ್ರದ್ದಾಯಿತು. 1957ರ ಅಸಾಹಿ ಪೆಂಟ್ಯಾಕ್ಸ್ ಇವೆರಡನ್ನೂ ಕೂಡಿಸಿತು. 1959ರಲ್ಲಿ ನಿಕಾನ್ ಎಫ್ ಬಂತು.

ಅದು ಎಸ್‌ಪಿಯ ದೇಹದ ನಡುವೆ ಕನ್ನಡಿಯ ಗೂಡನ್ನು ಸೇರಿಸಿದ ಯಂತ್ರ. ಶಟರ್ ಗುಂಡಿ ಹಿಂದಕ್ಕೆ ಸರಿದು ಕೂತಿದ್ದರಲ್ಲೇ ಆ ವಂಶದ ಗುರುತಿತ್ತು. ನೋಡುವ ಪಟ್ಟಕ, ಫೋಕಸ್ ಗಾಜು, ಬೆನ್ನು ಎಲ್ಲವೂ ಕಳಚಿ ಬದಲಿಸುವಂಥವು, ಮೋಟಾರು ಕೂರಿಸಬಹುದು, ಕಿಂಡಿಯಲ್ಲಿ ಕಂಡಷ್ಟೇ ಫಿಲ್ಮಿನ ಮೇಲೆ. ಅದೇ ವರ್ಷ ಬಂದ ಕ್ಯಾನನ್‌ಫ್ಲೆಕ್ಸ್ ಬೇಗ ಮರೆಯಾಯಿತು. ಝೈಸ್ ಇಕಾನಿನ ಕಾಂಟರೆಕ್ಸ್ ಅಪೂರ್ವ ಲೆನ್ಸ್‌ಗಳಿದ್ದರೂ ಭಾರ, ಜಟಿಲ, ದುಬಾರಿ. ನಿಕಾನ್ ಎಫ್ ವಿಯೆಟ್ನಾಂ ಯುದ್ಧದ ಪತ್ರಕರ್ತರ ಕೊರಳಲ್ಲಿ ತೂಗಿತು. ಕಾಂಬೋಡಿಯಾದಲ್ಲಿ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರತ್ತ ಬಂದ ಗುಂಡೊಂದು ಅವರ ನಿಕಾನ್ ಎಫ್‌ಗೆ ಬಡಿದು ನಿಂತಿತು.

ಕನ್ನಡಿ ಗೆದ್ದಾಗ ಗಾಜಿಗೆ ಏನಾಯಿತು? ಲೈಕಾ ಎಂ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಗೂ ಫಿಲ್ಮಿಗೂ ನಡುವಿನ ದೂರ 27.8 ಮಿ.ಮೀ. ನಿಕಾನ್ ಎಫ್‌ನಲ್ಲಿ ಅದು 46.5. ಈ ಹತ್ತೊಂಬತ್ತು ಮಿ.ಮೀ. ವ್ಯತ್ಯಾಸದಲ್ಲಿ ಲೆನ್ಸ್ ಲೋಕದ ಒಂದು ಕ್ರಾಂತಿಯೇ ಅಡಗಿದೆ. ಹಿಂಗಾಜು ಫಿಲ್ಮಿಗೆ ತೀರ ಸಮೀಪವಿರಬೇಕಾದ 50 ಮಿ.ಮೀ. ಸೊನ್ನಾರ್‌ಗೆ ಕನ್ನಡಿಯ ಮನೆಯಲ್ಲಿ ಜಾಗವೇ ಇಲ್ಲ. ಎರಡು ದಶಕ ಆಳಿದ ಆ ಮಸೂರ ಕೆಟ್ಟದ್ದಾದ್ದರಿಂದ ಹೋಗಲಿಲ್ಲ. ಬಾಗಿಲು ಮುಚ್ಚಿದ್ದರಿಂದ ಹೋಯಿತು. ಗಾಸ್ ಕುಲ ಸಾಮಾನ್ಯ ಲೆನ್ಸಿನ ಗದ್ದುಗೆ ಏರಿತು. ಅದಕ್ಕೂ ಮೊದಮೊದಲು ಇಕ್ಕಟ್ಟೇ: 1960ರ ನಿಕ್ಕೋರ್ ಎಫ್ 1.4 ಬಯೋಟಾರ್‌ನಂತೆ 58 ಮಿ.ಮೀ. ಆಗಿಯೇ ಬಂತು.

ಅಗಲ ಕೋನದ ಲೆನ್ಸ್‌ಗಳ ಸ್ಥಿತಿ ಇನ್ನೂ ಕಠಿಣ. ಬೆರ್ಟೆಲೆ 1950ರ ದಶಕದಲ್ಲಿ ಕಾಂಟ್ಯಾಕ್ಸ್‌ಗೆ ರೂಪಿಸಿದ 21 ಮಿ.ಮೀ. ಬಯೋಗಾನ್ ಎರಡು ಬದಿಯೂ ಸಮತೂಕದ ವಿನ್ಯಾಸ. ನೇರ ಗೆರೆ ನೇರವಾಗಿಯೇ ಉಳಿಯುವ ಅದರ ಹಿಂಗಾಜು ಶಟರನ್ನು ಮುಟ್ಟುವಷ್ಟು ಒಳಗೆ ಇಳಿಯುತ್ತದೆ. ಇಂಥದ್ದೇ ವಿನ್ಯಾಸದ 21 ಮಿ.ಮೀ. ನಿಕ್ಕೋರನ್ನು ನಿಕಾನ್ ಎಫ್‌ಗೆ ಹಾಕಬೇಕಾದರೆ ಕನ್ನಡಿಯನ್ನು ಮೇಲೆತ್ತಿ ಕಟ್ಟಿ, ಹೊರಗಿನಿಂದ ಬೇರೊಂದು ಕಿಂಡಿ ಸಿಕ್ಕಿಸಿ, ದೂರವನ್ನು ಅಂದಾಜು ಮಾಡಬೇಕಿತ್ತು. ಹಾಗೆ ಮಾಡಿದರೆ ಕನ್ನಡಿ ಕ್ಯಾಮೆರಾ ಕೊಂಡದ್ದಾದರೂ ಯಾಕೆ? ಇದಕ್ಕೆ ಪರಿಹಾರ ಫ್ರಾನ್ಸಿನಿಂದ ಬಂದಿತ್ತು. ಪಿಯೇರ್ ಆಂಜೆನ್ಯೂ 1950ರಲ್ಲಿ ಎಕ್ಸಾಕ್ಟಾದಂಥ ಕ್ಯಾಮೆರಾಗಳಿಗಾಗಿ 35 ಮಿ.ಮೀ. ರೆಟ್ರೋಫೋಕಸ್ ಲೆನ್ಸ್ ತಂದಿದ್ದರು. ಮುಂದೆ ದೊಡ್ಡ ಚದುರಿಸುವ ಗಾಜು, ಹಿಂದೆ ಕೂಡಿಸುವ ಗುಂಪು. ಲೆನ್ಸ್ ಫಿಲ್ಮಿನಿಂದ ತನ್ನ ನಾಭಿದೂರಕ್ಕಿಂತ ಹೆಚ್ಚು ದೂರ ನಿಂತು ಬಿಂಬ ಬೀಳಿಸುತ್ತದೆ. ಬೆಲೆ ತೆರಬೇಕಾದದ್ದು ಗಾತ್ರದಲ್ಲಿ, ಭಾರದಲ್ಲಿ, ಅಂಚಿನಲ್ಲಿ ಬಾಗುವ ಗೆರೆಗಳಲ್ಲಿ. ಅಗಲ ಕೋನದಲ್ಲಿ ಲೈಕಾ ಮೇಲು ಎಂಬ ಮಾತು ವೆಟ್ಜ್ಲಾರ್‌ನ ಮಾಯಾಜಾಲದಿಂದ ಬಂದದ್ದಲ್ಲ. ಅಲ್ಲಿ ಕನ್ನಡಿ ಇರಲಿಲ್ಲ, ಅಷ್ಟೇ.

ದೂರದ ಲೆನ್ಸ್‌ಗಳಲ್ಲಿ ತಕ್ಕಡಿ ತಿರುಗುಮುರುಗಾಗುತ್ತದೆ. 135 ಮಿ.ಮೀ. ದಾಟಿದರೆ ರೇಂಜ್‌ಫೈಂಡರ್‌ನ ಅಳತೆ ಸಾಲದು, ಚೌಕಟ್ಟು ಬೆಂಕಿಪೊಟ್ಟಣದಷ್ಟು. ಕನ್ನಡಿಗೆ 300 ಆದರೂ ಒಂದೇ, 500 ಆದರೂ ಒಂದೇ. ಕ್ರೀಡೆ, ವನ್ಯಜೀವಿ, ರಂಗಭೂಮಿ, ಹೂವಿನ ಕೇಸರ ಎಲ್ಲವೂ ಕನ್ನಡಿಯ ಪಾಲಾದವು. ಸೊನ್ನಾರ್ ಕುಲ ತಲೆಮರೆಸಿಕೊಂಡು ಬದುಕಿದ್ದೂ ಇಲ್ಲೇ. ವಾಕಿಮೊಟೊ ಝೆನ್ಜಿ ರೇಂಜ್‌ಫೈಂಡರ್‌ಗೆಂದು ರೂಪಿಸಿದ 105 ಮಿ.ಮೀ. ಎಫ್ 2.5 ನಿಕ್ಕೋರ್ 1959ರಲ್ಲಿ ಸಲೀಸಾಗಿ ನಿಕಾನ್ ಎಫ್‌ಗೆ ವಲಸೆ ಬಂತು. ನಾಭಿದೂರ ಉದ್ದವಾದ್ದರಿಂದ ಕನ್ನಡಿಗೆ ಜಾಗ ತಾನಾಗಿಯೇ ಉಳಿದಿತ್ತು. 1971ರಲ್ಲಿ ಅದೂ ಗಾಸ್ ಕುಲಕ್ಕೆ ಸೇರಿತು.

ಕನ್ನಡಿಯ ರಾಜ್ಯದಲ್ಲಿ ಒಂದು ನಷ್ಟವೂ ಇತ್ತು. ಶಟರ್ ತೆರೆಯುವ ಕ್ಷಣದಲ್ಲಿ ಕನ್ನಡಿ ಮೇಲೆದ್ದು ಕಿಂಡಿ ಕತ್ತಲಾಗುತ್ತದೆ. ಚಿತ್ರದಲ್ಲಿ ಉಳಿದ ಆ ಕ್ಷಣವನ್ನು ಚಿತ್ರ ತೆಗೆದವನು ಕಂಡಿರುವುದೇ ಇಲ್ಲ. ಲೈಕಾ ಹಿಡಿದವನು ಅದನ್ನು ಕಂಡಿರುತ್ತಾನೆ. ಬೀದಿಯ ಛಾಯಾಗ್ರಾಹಕರು ಎಂ ಸರಣಿಯನ್ನು ಕೈಬಿಡದಿರಲು ಇದು ಕೂಡ ಒಂದು ಕಾರಣ.

ಸಾಮಂತರ ಕಾಲ

1960 ಮತ್ತು 70ರ ದಶಕಗಳಲ್ಲಿ ಜಪಾನಿನ ಮನೆಗಳು ಒಂದನ್ನೊಂದು ಮೀರಿಸಲು ಹೊರಟಾಗ ವ್ಯತ್ಯಾಸಗಳು ಗಾಜಿಗಿಂತ ಹೆಚ್ಚಾಗಿ ಬೆರಳಿಗೆ ತಿಳಿಯುತ್ತಿದ್ದವು. 1963ರಲ್ಲಿ ಟಾಪ್ಕಾನ್ ಆರ್‌ಇ ಸೂಪರ್ ಲೆನ್ಸಿನೊಳಗಿಂದಲೇ ಬೆಳಕು ಅಳೆಯುವ ಮೀಟರನ್ನು ಮೊದಲು ತಂದಿತು. ಮರುವರ್ಷ ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್ ಅದನ್ನು ಮನೆಮಾತು ಮಾಡಿತು. ಸ್ಪಾಟ್‌ಮ್ಯಾಟಿಕ್‌ನಲ್ಲಿ ಬೆಳಕು ಅಳೆಯಲು ಒಂದು ಗುಂಡಿ ತಳ್ಳಿ ಅಪರ್ಚರ್ ಕಿರಿದಾಗಿಸಬೇಕು, ಕಿಂಡಿ ಮಬ್ಬಾಗುತ್ತದೆ. 1966ರ ಮಿನೋಲ್ಟಾ ಎಸ್‌ಆರ್‌ಟಿ 101 ಅದೇ ಅಳತೆಯನ್ನು ಪೂರ್ತಿ ಬೆಳಕಿನಲ್ಲಿ ಮಾಡಿತು. ನಿಕಾನಿನವರಿಗೆ ಮತ್ತೊಂದು ಆಚರಣೆ: ಲೆನ್ಸ್ ಕೂರಿಸಿದೊಡನೆ ಅದರ ಮೊಲದ ಕಿವಿಯಂಥ ಕೊಂಬನ್ನು ಮೀಟರಿನ ಕಡ್ಡಿಗೆ ಸಿಕ್ಕಿಸಿ, ಅಪರ್ಚರ್ ಬಳೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಲೆನ್ಸಿನ ಸಾಮರ್ಥ್ಯವನ್ನು ಯಂತ್ರಕ್ಕೆ ತಿಳಿಸಬೇಕು. 1977ರವರೆಗೂ ಅದು ಮುಂದುವರಿಯಿತು.

ಪೆಂಟ್ಯಾಕ್ಸ್‌ನ ಟಕುಮಾರ್ ಲೆನ್ಸ್‌ಗಳ ಫೋಕಸ್ ಬಳೆಯಷ್ಟು ನುಣುಪು ಇನ್ನೊಂದಿಲ್ಲವೆಂಬುದು ಬಳಸಿದವರ ಸರ್ವಸಮ್ಮತ ಮಾತು. ಅವುಗಳ 50 ಮಿ.ಮೀ. ಎಫ್ 1.4ರಲ್ಲಿ ಥೋರಿಯಂ ಬೆರೆತ ಗಾಜು ಇದ್ದು, ವರ್ಷಗಳು ಕಳೆದಂತೆ ಅದು ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. 1971ರಲ್ಲಿ ಪೆಂಟ್ಯಾಕ್ಸ್ ಹಲವು ಪದರದ ಲೇಪನ ತಂದಾಗ ಎದುರು ಬಿಸಿಲಿನಲ್ಲಿ ಚಿತ್ರ ತೆಗೆಯುವ ಧೈರ್ಯ ಎಲ್ಲರಿಗೂ ಬಂತು. ಅದೇ ವರ್ಷದ ಕ್ಯಾನನ್ ಎಫ್-1ರಲ್ಲಿ ಲೆನ್ಸ್ ತಿರುಗುತ್ತಿರಲಿಲ್ಲ. ಅದರ ಬುಡದ ಬಳೆ ಮಾತ್ರ ತಿರುಗಿ ಬಿಗಿಯುತ್ತಿತ್ತು. ನಿಕಾನಿನಿಂದ ಕ್ಯಾನನ್‌ಗೆ ಬಂದವರು ಮೊದಲು ತಡವರಿಸುತ್ತಿದ್ದುದು ಫೋಕಸ್ ಬಳೆಯಲ್ಲಿ: ಎರಡೂ ಎದುರು ದಿಕ್ಕಿಗೆ ತಿರುಗುತ್ತವೆ. ನಿಕಾನ್ ಕಾಂಟ್ಯಾಕ್ಸ್‌ನ ದಿಕ್ಕನ್ನು ಉಳಿಸಿಕೊಂಡಿತ್ತು, ಕ್ಯಾನನ್ ಲೈಕಾದ್ದನ್ನು. 1930ರ ದಶಕದ ಜಗಳ ನಲವತ್ತು ವರ್ಷಗಳ ಬಳಿಕವೂ ಬೆರಳ ನೆನಪಿನಲ್ಲಿ ಜೀವಂತವಾಗಿತ್ತು.

ಕ್ಯಾಮೆರಾಗಳು ದಪ್ಪಗಾಗುತ್ತಿದ್ದ ಹೊತ್ತಿನಲ್ಲಿ ಒಲಿಂಪಸ್‌ನ ಯೊಶಿಹಿಸಾ ಮೈತಾನಿ ಬಾರ್ನಾಕರ ಹಳೆಯ ಆಸೆಯನ್ನು ಮತ್ತೆ ಕೈಗೆತ್ತಿಕೊಂಡರು. 1972ರಲ್ಲಿ ಎಂ-1 ಎಂದು ಬಂದು, ಲೈಟ್ಸ್‌ನ ಆಕ್ಷೇಪದಿಂದ ಓಎಂ-1 ಆದ ಆ ಕ್ಯಾಮೆರಾ ಕನ್ನಡಿಯಿದ್ದೂ ಅಂಗೈಗೆ ಹಿತ. ಶಟರ್ ವೇಗದ ಬಳೆಯನ್ನು ಅವರು ಲೆನ್ಸಿನ ಬುಡಕ್ಕೇ ತಂದಿಟ್ಟರು. ವೇಗ, ಅಪರ್ಚರ್, ಫೋಕಸ್ ಮೂರೂ ಎಡಗೈಗೆ. ಒಲಿಂಪಸ್‌ನ ಝೂಯ್ಕೋ ಲೆನ್ಸ್‌ಗಳೂ ಅದಕ್ಕೆ ತಕ್ಕಂತೆ ಕುಗ್ಗಿದವು. ಮತ್ತೆ ಪೆಟ್ಟಿಗೆಯೇ ಗಾಜಿನ ಗಾತ್ರ ನಿರ್ಧರಿಸಿತ್ತು.

ಹಳೆಯ ಅರಸರು ಅಷ್ಟರಲ್ಲಿ ಬಳಲಿದ್ದರು. ಲೈಟ್ಸ್ 1965ರಲ್ಲಿ ತಡವಾಗಿ ಕನ್ನಡಿಯ ಲೈಕಾಫ್ಲೆಕ್ಸ್ ತಂದು, 1972ರಲ್ಲಿ ಮಿನೋಲ್ಟಾದೊಂದಿಗೆ ಒಪ್ಪಂದ ಮಾಡಿಕೊಂಡಿತು. 1976ರ ಲೈಕಾ ಆರ್3 ಮಿನೋಲ್ಟಾದ ಎಲುಬಿನ ಮೇಲೆ ನಿಂತ ಕ್ಯಾಮೆರಾ. ಝೈಸ್ ಇಕಾನ್ 1972ರಲ್ಲಿ ಕ್ಯಾಮೆರಾ ತಯಾರಿ ನಿಲ್ಲಿಸಿತು. ಕಾಂಟ್ಯಾಕ್ಸ್ ಎಂಬ ಹೆಸರು ಜಪಾನಿನ ಯಾಶಿಕಾ ಸೇರಿತು. 1976ರ ಕ್ಯಾನನ್ ಎಇ-1ರೊಳಗೆ ಮೈಕ್ರೋಪ್ರೊಸೆಸರ್ ಕೂತಿತು. ಅದೇ ವರ್ಷ ಬಂದ ಪೆಂಟ್ಯಾಕ್ಸ್ ಕೆ1000 ಒಂದು ಮುಳ್ಳಿನ ಮೀಟರ್ ಬಿಟ್ಟರೆ ಬೇರೇನೂ ಬೇಡವೆಂದು ಪಟ್ಟು ಹಿಡಿದು, ಹೊಸ ವಿದ್ಯಾರ್ಥಿಗಳ ಪ್ರೀತಿಯಿಂದ 1997ರವರೆಗೆ ಉಳಿಯಿತು.

ಯುಗಾಂತ್ಯ ಮತ್ತು ಬಳಿಕ

1985ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಜೂನ್ ತಿಂಗಳ ನ್ಯಾಷನಲ್ ಜಿಯೊಗ್ರಾಫಿಕ್ ಮುಖಪುಟದಲ್ಲಿ ಹಸಿರು ಕಣ್ಣಿನ ಅಫ್ಘನ್ ಬಾಲಕಿಯ ಚಿತ್ರ ಬಂತು. ಸ್ಟೀವ್ ಮೆಕರಿ ಹಿಂದಿನ ವರ್ಷ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ನಿಕಾನ್ ಎಫ್‌ಎಂ2 ಕ್ಯಾಮೆರಾ, 105 ಮಿ.ಮೀ. ಎಫ್ 2.5 ನಿಕ್ಕೋರ್, ಕೊಡಾಕ್ರೋಮ್ ಫಿಲ್ಮಿನಲ್ಲಿ ತೆಗೆದ ಚಿತ್ರವದು. ಆ ಕಣ್ಣುಗಳ ಸ್ಪಷ್ಟತೆಯನ್ನು ಒಬ್ಬ ಮನುಷ್ಯನ ಬೆರಳು ಕಂಡುಕೊಂಡಿತ್ತು. ಅದೇ ವರ್ಷದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಮಿನೋಲ್ಟಾ 7000ರಲ್ಲಿ ಫೋಕಸ್ ಮಾಡುವ ಕೆಲಸವನ್ನು ಪೆಟ್ಟಿಗೆಯೊಳಗಿನ ಮೋಟಾರು ವಹಿಸಿಕೊಂಡಿತು. ಮಿನೋಲ್ಟಾ ತನ್ನ ಹಳೆಯ ಲೆನ್ಸ್ ಬಾಯಿಯನ್ನು ಕೈಬಿಟ್ಟಿತು. 1987ರಲ್ಲಿ ಕ್ಯಾನನ್ ಕೂಡ ಬಾಯಿ ಬದಲಿಸಿ ತನ್ನ ಹಳೆಯ ಎಫ್‌ಡಿ ಲೆನ್ಸ್‌ಗಳನ್ನೆಲ್ಲ ಒಮ್ಮೆಲೇ ಅನಾಥಗೊಳಿಸಿತು. ನಿಕಾನ್ 1959ರ ಬಳೆಯನ್ನು ಬಿಡಲಿಲ್ಲ. ಗಾಜು ಸರಿಯಾಗಿದ್ದೂ ಪೆಟ್ಟಿಗೆ ಸತ್ತದ್ದರಿಂದ ಲಕ್ಷಾಂತರ ಲೆನ್ಸ್‌ಗಳು ಕಪಾಟು ಸೇರಿದವು.

ಈಗ ಆ ಕಪಾಟುಗಳು ಮತ್ತೆ ತೆರೆದಿವೆ. ಕನ್ನಡಿಯನ್ನೇ ಕಿತ್ತೊಗೆದ ಹೊಸ ಡಿಜಿಟಲ್ ಕ್ಯಾಮೆರಾಗಳಲ್ಲಿ ಲೆನ್ಸ್ ಬಳೆಗೂ ಸಂವೇದಕಕ್ಕೂ ನಡುವಿನ ದೂರ ಲೈಕಾದ್ದಕ್ಕಿಂತಲೂ ಕಡಿಮೆ. ನಿಕಾನ್ ಝಡ್ ಸರಣಿಯಲ್ಲಿ ಬರೀ 16 ಮಿ.ಮೀ. ನಡುವೆ ಒಂದು ಬಳೆ ಸೇರಿಸಿದರೆ ಸೊನ್ನಾರ್, ಸಮ್ಮಿಕ್ರಾನ್, ಟಕುಮಾರ್, ಝೂಯ್ಕೋ ಎಲ್ಲವೂ ಒಂದೇ ಪೆಟ್ಟಿಗೆಯ ಮೇಲೆ ಕೂರುತ್ತವೆ. ತೊಂಬತ್ತು ವರ್ಷಗಳ ವ್ಯಾಜ್ಯಕ್ಕೆ ನಿಷ್ಪಕ್ಷಪಾತ ನ್ಯಾಯಾಲಯ ಸಿಕ್ಕಿತೆಂದು ಹಲವರು ಸಂತೋಷಪಟ್ಟರು. ಆದರೆ ಈ ನ್ಯಾಯಾಲಯವೂ ಒಂದು ಪೆಟ್ಟಿಗೆಯೇ. ಬಯೋಗಾನ್ ಕುಲದ ಹಳೆಯ ಅಗಲ ಕೋನದ ಲೆನ್ಸ್‌ಗಳು ತೀರ ಓರೆಯಾಗಿ ಬೆಳಕು ಚೆಲ್ಲುವುದರಿಂದ ಹಲವು ಸಂವೇದಕಗಳ ಅಂಚಿನಲ್ಲಿ ಕಪ್ಪು ಮತ್ತು ಕೆನ್ನೀಲಿ ಛಾಯೆ ಕಾಣಿಸುತ್ತದೆ. ಫಿಲ್ಮು ಯಾವ ಕೋನದಿಂದ ಬಂದ ಬೆಳಕನ್ನೂ ಸ್ವೀಕರಿಸುತ್ತಿತ್ತು, ಸಂವೇದಕ ಸ್ವೀಕರಿಸುವುದಿಲ್ಲ. ಒಂದು ಕಾಲದ ಅತ್ಯುತ್ತಮ ಮಸೂರ ಇಲ್ಲಿ ಅಪರಾಧಿಯಂತೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದೂ ಭಾರವೂ ಆದ ಕನ್ನಡಿ ಯುಗದ ಲೆನ್ಸ್, ಹಿಂದೆ ನಿಂತು ನೆಟ್ಟಗೆ ಬೆಳಕು ಬೀಳಿಸುವ ಅಭ್ಯಾಸದಿಂದಲೇ ಪಾರಾಗುತ್ತದೆ.

ಆದ್ದರಿಂದ ಹಳೆಯ ಲೆನ್ಸ್ ಕೊಳ್ಳಲು ಹೊರಟವರು ಯಾವುದು ಒಳ್ಳೆಯದು ಎಂದು ಕೇಳಿದರೆ ಚರಿತ್ರೆಯ ಉತ್ತರ ಇಷ್ಟು: 35 ಮಿ.ಮೀ.ಗಿಂತ ಅಗಲವಾದದ್ದು ಬೇಕಿದ್ದರೆ ಅದರದೇ ರೇಂಜ್‌ಫೈಂಡರ್ ದೇಹವನ್ನೂ ಫಿಲ್ಮನ್ನೂ ಜೊತೆಗೇ ಕೊಳ್ಳಿ. 85ರಿಂದಾಚೆಗೆ ಕನ್ನಡಿಯ ಮನೆಯಲ್ಲಿ ಹುಡುಕಿ. 50ರಲ್ಲಿ ಯಾವ ಮನೆಯ ಲೆನ್ಸೂ ನಿಮ್ಮನ್ನು ನಿರಾಸೆಗೊಳಿಸದು, ಯಾಕೆಂದರೆ ಎಲ್ಲ ಮನೆಗಳೂ ತಮ್ಮ ಮಾನವನ್ನು ಪಣಕ್ಕಿಟ್ಟದ್ದು ಅಲ್ಲೇ. ಗಾಜನ್ನು ಮಾತ್ರ ಬೇರ್ಪಡಿಸಿ ತೂಗಬೇಡಿ. ಬೆರ್ಟೆಲೆಯಾಗಲಿ, ಬೆರೆಕ್ ಆಗಲಿ, ವಾಕಿಮೊಟೊ ಆಗಲಿ ಹಾಗೆ ಬೇರ್ಪಡಿಸಿ ಅದನ್ನು ರೂಪಿಸಿರಲಿಲ್ಲ.